ಭೋಗ ಮತ್ತು ಭೋಗ್ಯ

ಜಯನಗರದ ಓದುಗರೊಬ್ಬರು ಬರೆದಿದ್ದಾರೆ. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅವರ ಮಗ ಬರುವ ಚಳಿಗಾಲಕ್ಕೆ ತಂದೆತಾಯಿಗಳನ್ನು ಕರೆಸಿಕೊಂಡು, ಹತ್ತು ದಿನಗಳ ಮಟ್ಟಿಗೆ ಕೆರಿಬಿಯನ್ ಸಮುದ್ರದ ಯಾವುದಾದರೊಂದು ದ್ವೀಪದಲ್ಲಿ ಅವರನ್ನು ಸುಖವಾಗಿ ಇರಿಸಬೇಕೆಂದು ಸಂಕಲ್ಪಿಸಿದ್ದಾನಂತೆ. ಹಣದ ವಿಚಾರ ಅಡ್ಡಿಯಿಲ್ಲ. ಆದರೆ ಎಲ್ಲರೂ ಹೋಗುವ ಜಾಗ ಬೇಡ. ‘ಜನಸಂದಣಿ ಇರಬಾರದು, ಸೌಕರ್ಯಕ್ಕೆ ಕೊರತೆ ಇರಬಾರದು. ಅಂಥ ದ್ವೀಪ ಯಾವುದು? ಮೊದಲೇ ಮಾಡಿಕೊಳ್ಳಬೇಕಾದ ಸಿದ್ಧತೆ ಏನು?’ ಎಂದು ಕೇಳಿದ್ದಾರೆ. ತರಗತಿಯಲ್ಲಿ ಷಟ್ಪದಿಯ ಮಾತ್ರೆ ಎಣಿಸುವವನ ಮುಂದೆ ಇಂಥ ಪ್ರಶ್ನೆ ಬರುವುದು ಅಪರೂಪ. ಬಂದಮೇಲೆ ಸುಮ್ಮನಿರುವುದು ಅಂಕಣಕಾರನಿಗೆ ಶೋಭಿಸುವುದಿಲ್ಲ. ಓದಿ, ವಿಚಾರಿಸಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪತ್ರದಲ್ಲಿ ಅವರು ‘ಲಕ್ಷುರಿ’ ಎಂಬ ಮಾತನ್ನು ಮೂರು ಸಲ ಬಳಸಿದ್ದಾರೆ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಪದವಿಲ್ಲವೆಂದು ಹಲವರ ದೂರು. ಇಲ್ಲದೆ ಏನು? ‘ಭೋಗ’ ಎಂಬುದು ಸಾಲದೆ? ಅನುಭವಿಸುವುದು, ಉಣ್ಣುವುದು, ಸುಖಪಡುವುದು, ಎಲ್ಲವೂ ಅದರೊಳಗೆ ಅಡಗಿದೆ. ಅದೇ ಧಾತುವಿನಿಂದ ಬಂದ ಇನ್ನೊಂದು ಮಾತು ‘ಭೋಗ್ಯ’. ಇದನ್ನು ನಮ್ಮ ನಗರಗಳಲ್ಲಿ ಬಾಡಿಗೆ ಮನೆ ಹುಡುಕಿದ ಪ್ರತಿಯೊಬ್ಬ ಗೃಹಸ್ಥನೂ ಬಲ್ಲ. ಒಡೆತನ ಒಬ್ಬರದು, ಅನುಭೋಗ ಮತ್ತೊಬ್ಬರದು. ನಡುವೆ ಒಂದು ಕರಾರು ಪತ್ರ. ನಾನು ಸೂಚಿಸಲಿರುವ ದ್ವೀಪದ ಮುನ್ನೂರು ನಲವತ್ತು ವರ್ಷಗಳ ಚರಿತ್ರೆಯೆಲ್ಲ ಈ ಎರಡು ಮಾತುಗಳ ನಡುವೆ ಹಾದುಬಂದಿದೆ.

ದ್ವೀಪದ ಹೆಸರು ಬಾರ್ಬುಡಾ. ಬಾರ್ಬಡೋಸ್ ಅಲ್ಲ, ಬರ್ಮುಡಾ ಅಂತೂ ಅಲ್ಲವೇ ಅಲ್ಲ. ಟಿಕೆಟು ಕೊಳ್ಳುವ ಮೊದಲು ಈ ಮೂರರ ಕಾಗುಣಿತವನ್ನು ಎರಡು ಬಾರಿ ನೋಡಿಕೊಳ್ಳುವುದು ಕ್ಷೇಮ. ೧೯೮೧ರ ನವೆಂಬರ್ ೧ರಂದು ಬ್ರಿಟಿಷರಿಂದ ಸ್ವತಂತ್ರವಾದ ‘ಆಂಟಿಗುವಾ ಮತ್ತು ಬಾರ್ಬುಡಾ’ ಎಂಬ ಪುಟ್ಟ ರಾಷ್ಟ್ರದಲ್ಲಿ ಇದು ಕಿರಿಯ ಪಾಲುದಾರ. ಆಂಟಿಗುವಾದಿಂದ ಸುಮಾರು ೪೦ ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕಿದೆ. ವಿಸ್ತೀರ್ಣ ಸುಮಾರು ೧೬೦ ಚದರ ಕಿಲೋಮೀಟರು, ಎಂದರೆ ಬೆಂಗಳೂರು ಮಹಾನಗರದ ಕಾಲುಭಾಗವೂ ಆಗದು. ಅತ್ಯಂತ ಎತ್ತರದ ನೆಲವೂ ಸಮುದ್ರಮಟ್ಟದಿಂದ ೪೦ ಮೀಟರು ಮೇಲಿಲ್ಲ. ಆದರೂ ಅದಕ್ಕೆ ‘ಹೈಲ್ಯಾಂಡ್ಸ್’ ಎಂದು ಹೆಸರು. ಮಲೆನಾಡಿನವರು ಕೇಳಿದರೆ ನಕ್ಕಾರು. ಇಡೀ ದ್ವೀಪಕ್ಕೆ ಇರುವುದು ಕಾಡ್ರಿಂಗ್ಟನ್ ಎಂಬ ಒಂದೇ ಊರು. ೨೦೧೭ರ ಚಂಡಮಾರುತಕ್ಕೆ ಮುಂಚೆ ಅಲ್ಲಿದ್ದ ಜನ ಸುಮಾರು ೧,೭೦೦. ನಮ್ಮ ಕಾಲೇಜುಗಳಲ್ಲಿ ಇದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವುದುಂಟು.

ದಾರಿ ಆಂಟಿಗುವಾದ ಮೂಲಕ. ನ್ಯೂಯಾರ್ಕ್, ಮಯಾಮಿ, ಲಂಡನ್ ನಗರಗಳಿಂದ ಆಂಟಿಗುವಾಕ್ಕೆ ನೇರ ವಿಮಾನಗಳುಂಟು. ಭಾರತದಿಂದ ನೇರವಾಗಿ ಇಲ್ಲ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂಬತ್ತೂವರೆ ಗಂಟೆ ಹಿಂದೆ. ನಮ್ಮ ಪತ್ರಲೇಖಕರಂತೆ ಅಮೆರಿಕದ ವೀಸಾ ಕೈಯಲ್ಲಿರುವವರಿಗೆ ಪ್ರವೇಶ ಸುಲಭವೆಂದು ಹೇಳುತ್ತಾರೆ. ಇಂಥ ನಿಯಮಗಳು ಋತುಗಳಿಗಿಂತ ಬೇಗ ಬದಲಾಗುತ್ತವೆ. ಆದುದರಿಂದ ಹೊರಡುವ ತಿಂಗಳಲ್ಲಿ ಮತ್ತೊಮ್ಮೆ ವಿಚಾರಿಸಬೇಕು. ಮರಳಿ ಅಮೆರಿಕದೊಳಕ್ಕೆ ಬರಬೇಕಾದವರು ತಮ್ಮ ವೀಸಾ ಒಂದಕ್ಕಿಂತ ಹೆಚ್ಚು ಸಲ ಪ್ರವೇಶಕ್ಕೆ ಅವಕಾಶ ಕೊಡುತ್ತದೆಯೆ ಎಂಬುದನ್ನೂ ನೋಡಿಕೊಳ್ಳಬೇಕು. ಇದೇ ಪ್ರವಾಸದಲ್ಲಿ ಟ್ರಿನಿಡಾಡ್ ಅಥವಾ ಗಯಾನಾವನ್ನೂ ಸೇರಿಸುವ ಆಸೆಯಿದ್ದರೆ ಹಳದಿ ಜ್ವರದ ಚುಚ್ಚುಮದ್ದಿನ ಪತ್ರ ಬೇಕು. ಇಲ್ಲದಿದ್ದರೆ ತಾಯ್ನಾಡಿನ ವಿಮಾನ ನಿಲ್ದಾಣದಲ್ಲಿಯೇ ತಡೆದಾರು.

ಆಂಟಿಗುವಾದಲ್ಲಿ ಒಂದೆರಡು ದಿನ ನಿಲ್ಲುವುದು ಒಳ್ಳೆಯದು. ವರ್ಷದ ದಿನಕ್ಕೊಂದರಂತೆ ತಮ್ಮಲ್ಲಿ ೩೬೫ ಕಡಲತೀರಗಳಿವೆ ಎಂದು ಅಲ್ಲಿಯವರು ಹೆಮ್ಮೆಪಡುತ್ತಾರೆ, ಎಣಿಸಿದವರು ಯಾರೋ! ತೆಂಕಣ ದಡದಲ್ಲಿ ಬ್ರಿಟಿಷ್ ನೌಕಾಪಡೆಯ ಹಳೆಯ ಹಡಗುಕಟ್ಟೆ ಇದೆ. ೨೦೧೬ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಆದರೆ ಬೆಂಗಳೂರಿನಿಂದ ಹೋದವರು ಅದಕ್ಕಿಂತ ಮೊದಲು ಸೇಂಟ್ ಜಾನ್ಸ್ ಪಟ್ಟಣದ ನಡುವಿನ ಹಳೆಯ ಕ್ರಿಕೆಟ್ ಮೈದಾನವನ್ನು ನೋಡಬೇಕೆಂದು ನನ್ನ ಅಭಿಪ್ರಾಯ. ೨೦೦೨ರ ಮೇ ತಿಂಗಳಲ್ಲಿ ದವಡೆಯ ಮೂಳೆ ಮುರಿದಿದ್ದ ನಮ್ಮ ಅನಿಲ್ ಕುಂಬ್ಳೆ, ತಲೆಯಿಂದ ಗಲ್ಲದವರೆಗೆ ಪಟ್ಟಿ ಸುತ್ತಿಕೊಂಡು ಹದಿನಾಲ್ಕು ಓವರು ಚೆಂಡೆಸೆದು, ಬ್ರಯನ್ ಲಾರಾನನ್ನು ಔಟು ಮಾಡಿದುದು ಆ ಮೈದಾನದಲ್ಲಿ. ಶಸ್ತ್ರಚಿಕಿತ್ಸೆಗೆ ಊರಿಗೆ ಹೊರಡುವ ಮುನ್ನ ಮಾಡಿದ ಕೆಲಸ ಅದು. ಇದಕ್ಕೂ ವಿಹಾರಕ್ಕೂ ಏನು ಸಂಬಂಧವೆಂದು ಗೃಹಿಣಿಯರು ಕೇಳಬಹುದು, ಯಜಮಾನರು ಕೇಳಲಾರರು.

ಅಲ್ಲಿಂದ ಬಾರ್ಬುಡಾಕ್ಕೆ ಎರಡು ದಾರಿ. ವೇಗದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ. ಪುಟ್ಟ ವಿಮಾನದಲ್ಲಿ ಹದಿನೈದು ಇಪ್ಪತ್ತು ನಿಮಿಷ. ದೋಣಿಯ ದಾರಿ ಅಟ್ಲಾಂಟಿಕಿಗೆ ತೆರೆದ ಕಡಲು. ಅಲೆಗಳು ಯಾರ ವಯಸ್ಸನ್ನೂ ಲೆಕ್ಕಿಸುವುದಿಲ್ಲ. ಅರುವತ್ತು ದಾಟಿದವರು ವಿಮಾನವನ್ನು ಹಿಡಿಯುವುದು ಲೇಸು. ದೋಣಿಯನ್ನೇ ಹತ್ತುವುದಾದರೆ ಹಿಂದಿನ ರಾತ್ರಿ ಮಿತವಾದ ಊಟ, ಕಿಸೆಯಲ್ಲಿ ಒಂದು ತುಂಡು ಒಣಶುಂಠಿ.

ಕಾಲದ ವಿಚಾರದಲ್ಲಿ ಮಾತ್ರ ರಾಜಿ ಬೇಡ. ಜೂನ್ ಮೊದಲ ದಿನದಿಂದ ನವೆಂಬರ್ ಕೊನೆಯವರೆಗೆ ಅಲ್ಲಿ ಚಂಡಮಾರುತಗಳ ಋತು. ಆಗಸ್ಟಿನಿಂದ ಅಕ್ಟೋಬರಿನವರೆಗೆ ಅದರ ಉಗ್ರರೂಪ. ಆ ತಿಂಗಳುಗಳಲ್ಲಿ ಕೋಣೆಗಳು ಅಗ್ಗವಾಗಿ ದೊರೆಯುವುದಕ್ಕೆ ಕಾರಣವುಂಟು. ಡಿಸೆಂಬರ್ ನಡುವಿನಿಂದ ಏಪ್ರಿಲಿನವರೆಗೆ ಹವೆ ಒಣಗಿರುತ್ತದೆ, ಗಾಳಿ ಹಿತವಾಗಿರುತ್ತದೆ, ಬೆಲೆ ಏರಿರುತ್ತದೆ. ೨೦೧೧ರಿಂದೀಚೆಗೆ ಇನ್ನೊಂದು ಉಪದ್ರವವೂ ಸೇರಿದೆ. ಸರ್ಗಾಸಮ್ ಎಂಬ ಕಂದು ಕಡಲಪಾಚಿ ಅಟ್ಲಾಂಟಿಕಿನಿಂದ ರಾಶಿರಾಶಿಯಾಗಿ ತೇಲಿಬಂದು ಪೂರ್ವದ ದಡಗಳಲ್ಲಿ ಕೊಳೆಯುತ್ತದೆ. ವಸಂತದಿಂದ ಬೇಸಗೆಯವರೆಗೆ ಇದರ ಕಾಟ ಹೆಚ್ಚು. ಚಳಿಗಾಲದ ಪ್ರವಾಸಿಗೆ ಇದೂ ತಪ್ಪುತ್ತದೆ.

ಇನ್ನು ನೋಡುವುದೇನು? ಮೊದಲನೆಯದು ಮರಳು. ಪಡುವಣ ಮತ್ತು ತೆಂಕಣ ದಡಗಳಲ್ಲಿ ಮೈಲಿಗಟ್ಟಲೆ ಹಬ್ಬಿರುವ ಬಿಳಿಯ ಮರಳಿನ ನಡುವೆ ಅಲ್ಲಲ್ಲಿ ನಸುಗೆಂಪು ಪಟ್ಟೆಗಳು ಕಾಣುತ್ತವೆ. ಚಿಪ್ಪುಗಳು, ಕಣ್ಣಿಗೆ ಕಾಣದಷ್ಟು ಸಣ್ಣ ಕಡಲ ಜೀವಿಗಳ ಕವಚಗಳು ಅಲೆಗಳ ಹೊಡೆತಕ್ಕೆ ಪುಡಿಯಾಗಿ ಬಿಳಿಯ ಮರಳಿನೊಡನೆ ಬೆರೆತು ಈ ಬಣ್ಣ ಬಂದಿದೆ. ಇಂಗ್ಲೆಂಡಿನ ರಾಜಕುಮಾರಿ ಡಯಾನಾ ತನ್ನ ಮಕ್ಕಳೊಡನೆ ಬಂದು ಅಡಗಿಕೊಳ್ಳುತ್ತಿದ್ದುದು ಈ ದಡಗಳಲ್ಲಿ. ಆಕೆ ಬದುಕಿದ್ದರೆ ಐವತ್ತು ತುಂಬುತ್ತಿದ್ದ ದಿನ, ೨೦೧೧ರ ಜುಲೈ ೧ರಂದು, ಅಂಥ ದಡವೊಂದಕ್ಕೆ ಆಕೆಯ ಹೆಸರನ್ನಿಟ್ಟರು.

ನನ್ನನ್ನು ಕೇಳಿದರೆ ಮರಳಿಗಿಂತ ಹಕ್ಕಿಗಳು ಮೇಲು. ಊರಿನ ಪಕ್ಕದಲ್ಲಿಯೇ ವಿಶಾಲವಾದ ಉಪ್ಪುನೀರಿನ ಹಿನ್ನೀರು; ಅದರ ವಾಯವ್ಯ ಭಾಗದ ಕಾಂಡ್ಲಾ ಗಿಡಗಳ ಮೇಲೆ ಫ್ರಿಗೇಟ್ ಹಕ್ಕಿಗಳ ಮಹಾಸಂಸಾರ. ಈ ಜಾತಿಯ ಹಕ್ಕಿಗಳು ಜಗತ್ತಿನಲ್ಲಿ ಅತಿ ಹೆಚ್ಚಾಗಿ ಸೇರುವ ನೆಲೆಗಳಲ್ಲಿ ಇದೂ ಒಂದು. ಬಿಚ್ಚಿದ ರೆಕ್ಕೆಯ ಅಗಲ ಏಳು ಅಡಿ ಮೀರುತ್ತದೆ. ಮೈಯ ತೂಕವೋ ಒಂದೂವರೆ ಕಿಲೋಗ್ರಾಮಿನ ಸುತ್ತಮುತ್ತ. ಕಡಲ ಹಕ್ಕಿಯೆಂದು ಹೆಸರೇ ಹೊರತು ನೀರಿನ ಮೇಲೆ ಇಳಿಯುವಂತಿಲ್ಲ. ಗರಿ ನೆನೆದರೆ ಮೇಲೇಳುವುದು ಕಷ್ಟ. ಆದುದರಿಂದ ಬೇರೆ ಹಕ್ಕಿಗಳು ಹಿಡಿದ ಮೀನನ್ನು ಆಕಾಶದಲ್ಲಿಯೇ ಕಿತ್ತುಕೊಳ್ಳುವ ವಿದ್ಯೆಯಲ್ಲಿ ಪಳಗಿದೆ. ಮದುವೆಯ ಕಾಲದಲ್ಲಿ ಗಂಡುಹಕ್ಕಿ ತನ್ನ ಗಂಟಲಿನ ಕೆಂಪು ಚೀಲವನ್ನು ಕಲ್ಲಂಗಡಿಯಂತೆ ಊದಿಸಿಕೊಂಡು, ಕೊಕ್ಕಿನಿಂದ ಅದರ ಮೇಲೆ ಡೋಲು ಬಾರಿಸುತ್ತದೆ. ಗೂಡಿನಲ್ಲಿ ಒಂದೇ ಮೊಟ್ಟೆ. ಮರಿಗೆ ಮೂರು ತಿಂಗಳಾಗುವಷ್ಟರಲ್ಲಿ ತಂದೆ ಹೊರಟುಹೋಗುತ್ತಾನೆ. ಉಳಿದ ವರ್ಷವೆಲ್ಲ ಸಾಕುವವಳು ತಾಯಿ. ಈ ಬಗೆಯ ಸಂಸಾರಗಳ ಬಗ್ಗೆ ನಮ್ಮ ಧಾರಾವಾಹಿಗಳ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸೆಪ್ಟೆಂಬರಿನಿಂದ ಏಪ್ರಿಲಿನವರೆಗೆ ಈ ಸಂಭ್ರಮ. ಡಿಸೆಂಬರಿನ ಆಸುಪಾಸು ನೋಡಲು ಪ್ರಶಸ್ತ. ಊರಿನ ಕಟ್ಟೆಯಿಂದ ಪರವಾನಗಿ ಪಡೆದ ದೋಣಿಗಾರರೊಡನೆಯೇ ಹೋಗಬೇಕು. ಅದು ಒಳ್ಳೆಯ ನಿಯಮ; ಹಕ್ಕಿಗೂ ಶಾಂತಿ, ಊರವನಿಗೂ ಕೂಲಿ. ಇದಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ನೆಲೆಸದ, ಬೂದು ಬೆನ್ನಿನ ಹಳದಿ ಎದೆಯ ಪುಟ್ಟ ಹಾಡುಹಕ್ಕಿಯೊಂದು ಇಲ್ಲಿನ ಪೊದೆಗಳಲ್ಲಿದೆ. ಅದಕ್ಕೆ ದ್ವೀಪದ ಹೆಸರನ್ನೇ ಇಟ್ಟು ಬಾರ್ಬುಡಾ ವಾರ್ಬ್ಲರ್ ಎನ್ನುತ್ತಾರೆ.

ಪೂರ್ವದ ದಡದಲ್ಲಿ ಸುಣ್ಣಕಲ್ಲಿನ ಬಂಡೆಗಳು, ಗುಹೆಗಳು. ಒಂದು ಗುಹೆಯಲ್ಲಿ ಮೂಲನಿವಾಸಿಗಳು ಕೆತ್ತಿದ ಮುಖಗಳುಂಟು. ಕಾಡಿನಲ್ಲಿ ಕಾಡ್ರಿಂಗ್ಟನ್ ಮನೆತನದವರು ತಂದು ಬಿಟ್ಟ ಜಿಂಕೆಗಳ ಸಂತತಿ. ರಸ್ತೆಯಲ್ಲಿ ಯಾರ ಹಂಗೂ ಇಲ್ಲದ ಕತ್ತೆಗಳು. ಊಟದಲ್ಲಿ ಹೆಸರಾದುದು ಕಡಲ ಸೀಗಡಿಯ ದೊಡ್ಡಣ್ಣನಾದ ಲಾಬ್‌ಸ್ಟರ್. ಸಸ್ಯಾಹಾರಿಗಳು ಎದೆಗುಂದಬೇಕಾಗಿಲ್ಲ. ಈ ದೇಶದ ರಾಷ್ಟ್ರೀಯ ಭಕ್ಷ್ಯವಾದ ‘ಫಂಜಿ’ ಎಂಬುದು ಮೆಕ್ಕೆಜೋಳದ ಹಿಟ್ಟನ್ನು ಬೆಂಡೆಕಾಯಿಯೊಡನೆ ಕುದಿಸಿ, ಕೋಲಿನಿಂದ ತಿರುವಿ, ಉಂಡೆ ಕಟ್ಟಿದ ಪದಾರ್ಥ. ಮಂಡ್ಯದ ಕಡೆಯವರು ಅದನ್ನು ಕಂಡೊಡನೆ ಮುದ್ದೆಯ ದಾಯಾದಿಯೆಂದು ಗುರುತಿಸಿಯಾರು. ಅದರ ಜೊತೆಗೆ ಬರುವ ಸಾರಿನಲ್ಲಿ ಮಾತ್ರ ಮಾಂಸವಿರುತ್ತದೆ. ಮುಂಚೆಯೇ ಹೇಳಿ ಬೇರೆ ಮಾಡಿಸಿಕೊಳ್ಳಬೇಕು.

ಇಷ್ಟನ್ನು ಯಾವ ಪ್ರವಾಸ ಕಂಪನಿಯ ಬಣ್ಣದ ಹಾಳೆಯಾದರೂ ಹೇಳೀತು. ಅದು ಹೇಳದ ಭಾಗ ಇನ್ನು ಮುಂದಿನದು.

೧೬೮೫ರಲ್ಲಿ ಇಂಗ್ಲೆಂಡಿನ ಅರಸೊತ್ತಿಗೆ ಈ ದ್ವೀಪವನ್ನು ಕಾಡ್ರಿಂಗ್ಟನ್ ಮನೆತನದ ಸಹೋದರರಿಗೆ ಭೋಗ್ಯಕ್ಕೆ ಕೊಟ್ಟಿತು. ಬಾಡಿಗೆ ಏನು ಗೊತ್ತೆ? ಕೇಳಿದಾಗ ಕೊಡಬೇಕಾದ ಒಂದು ಕೊಬ್ಬಿದ ಕುರಿ! ಆ ಕುರಿಯನ್ನು ಯಾರಾದರೂ ಕೇಳಿದರೋ ಇಲ್ಲವೋ, ೧೮೭೦ರವರೆಗೆ ದ್ವೀಪ ಆ ಮನೆತನದ ಕೈಯಲ್ಲಿತ್ತು. ಆಂಟಿಗುವಾದಲ್ಲಿ ಅವರಿಗೆ ಕಬ್ಬಿನ ತೋಟಗಳಿದ್ದವು. ಬಾರ್ಬುಡಾದ ತೆಳುವಾದ ಮಣ್ಣು, ಕಡಮೆ ಮಳೆ ಕಬ್ಬಿಗೆ ಒಗ್ಗಲಿಲ್ಲ. ಆದುದರಿಂದ ಆಫ್ರಿಕದಿಂದ ಹಿಡಿದುತಂದ ಗುಲಾಮರು ಇಲ್ಲಿ ದನಕುರಿ ಸಾಕಿದರು, ಮೀನು ಹಿಡಿದರು, ಬೇಟೆಯಾಡಿದರು, ಕಾಳು ಗೆಣಸು ಬೆಳೆದರು. ಸುತ್ತಲಿನ ಹವಳದ ದಿಬ್ಬಗಳಿಗೆ ಬಡಿದು ಒಡೆದ ಹಡಗುಗಳಿಂದ ಸರಕನ್ನು ಎತ್ತಿತಂದರು. ಇಂಥ ಬಾಳಿನಿಂದ ಅವರಿಗೆ ನೆಲದ ಪ್ರತಿಯೊಂದು ಮೂಲೆಯೂ ಪರಿಚಯವಾಯಿತು. ಈ ಸಂಪತ್ತಿನ ಒಂದು ಪಾಲು ಆಕ್ಸ್‌ಫರ್ಡಿನ ಆಲ್ ಸೋಲ್ಸ್ ಕಾಲೇಜಿಗೆ ಗ್ರಂಥಾಲಯವಾಗಿ ಹೋಯಿತು. ೧೭೧೦ರಲ್ಲಿ ತೀರಿಕೊಂಡ ಕ್ರಿಸ್ಟಫರ್ ಕಾಡ್ರಿಂಗ್ಟನ್ ಹತ್ತು ಸಾವಿರ ಪೌಂಡನ್ನೂ ತನ್ನ ಪುಸ್ತಕಗಳನ್ನೂ ಅದಕ್ಕೆ ಬರೆದುಕೊಟ್ಟಿದ್ದ. ಕಾಲೇಜು ೨೦೨೦ರಲ್ಲಿ ಆ ಹೆಸರನ್ನು ಗ್ರಂಥಾಲಯದಿಂದ ತೆಗೆಯಿತು. ದ್ವೀಪದ ಊರಿಗೆ ಆ ಹೆಸರು ಇನ್ನೂ ಉಳಿದಿದೆ.

೧೮೩೪ರಲ್ಲಿ ಗುಲಾಮಗಿರಿ ರದ್ದಾದಾಗ ಇಲ್ಲಿದ್ದವರು ಸುಮಾರು ಐನೂರು ಮಂದಿ. ಬ್ರಿಟಿಷ್ ಪಾರ್ಲಿಮೆಂಟು ಸಾಮ್ರಾಜ್ಯದ ಗುಲಾಮರ ಒಡೆಯರಿಗೆ ಎರಡು ಕೋಟಿ ಪೌಂಡು ಪರಿಹಾರವನ್ನು ಗೊತ್ತುಮಾಡಿತು. ಗುಲಾಮರಾಗಿದ್ದವರಿಗೆ ಕಾಸೂ ಇಲ್ಲ. ಬಾರ್ಬುಡಾದವರು ಬೇರೆಡೆಗೆ ಹೋಗಲಿಲ್ಲ. ಊರಿನಲ್ಲಿ ಮನೆ, ಊರಾಚೆ ಎಲ್ಲರ ನೆಲ. ಒಂದೆರಡು ವರ್ಷ ಒಂದು ಕಡೆ ಬೇಲಿ ಕಟ್ಟಿ ಬೆಳೆ ತೆಗೆಯುವುದು, ಆಮೇಲೆ ಬೇಲಿ ಬಿಚ್ಚಿ ಮತ್ತೊಂದು ಕಡೆಗೆ ಹೋಗುವುದು. ಯಾರೂ ಮಾರುವಂತಿಲ್ಲ, ಯಾರೂ ಕೊಳ್ಳುವಂತಿಲ್ಲ. ನಮ್ಮ ಹಳ್ಳಿಗಳ ಗೋಮಾಳವನ್ನೂ ಗುಂಡುತೋಪನ್ನೂ ಕಂಡವರಿಗೆ ಇದು ವಿಚಿತ್ರವೆನಿಸಲಾರದು. ಅವುಗಳ ಗತಿ ಏನಾಯಿತೆಂಬುದನ್ನು ಕಂಡವರಿಗೆ ಮುಂದಿನ ಕಥೆಯೂ ಹೊಸದೆನಿಸಲಾರದು. ಈ ಪದ್ಧತಿಯನ್ನು ೨೦೦೭ರಲ್ಲಿ ಶಾಸನವಾಗಿಯೇ ಬರೆದರು. ದ್ವೀಪದ ನೆಲವೆಲ್ಲ ಬಾರ್ಬುಡಾದ ಜನರ ಸಾಮಾನ್ಯ ಸ್ವತ್ತು. ಪ್ರತಿಯೊಬ್ಬ ಬಾರ್ಬುಡಾದವನಿಗೂ ಮನೆ ಕಟ್ಟಲು, ಬೆಳೆ ಬೆಳೆಯಲು, ವ್ಯಾಪಾರ ಮಾಡಲು ಜಾಗ ಕೇಳುವ ಹಕ್ಕು. ದೊಡ್ಡ ಹೊರಗಿನ ಯೋಜನೆ ಯಾವುದೇ ಬಂದರೂ ಜನರ ಬಹುಮತದ ಒಪ್ಪಿಗೆ ಅಗತ್ಯ.

ಒಪ್ಪಿಗೆಯ ಪರೀಕ್ಷೆ ಬೇಗನೆ ಬಂತು. ಡಯಾನಾ ತಂಗುತ್ತಿದ್ದ ‘ಕೆ ಕ್ಲಬ್’ ಎಂಬ ಹೋಟೆಲು ೨೦೦೪ರಲ್ಲಿ ಮುಚ್ಚಿ ಪಾಳುಬಿದ್ದಿತ್ತು. ಹಾಲಿವುಡ್ ನಟ ರಾಬರ್ಟ್ ಡಿ ನೀರೊ ಮತ್ತು ಆಸ್ಟ್ರೇಲಿಯದ ಕೋಟ್ಯಧೀಶ ಜೇಮ್ಸ್ ಪ್ಯಾಕರ್ ಅಲ್ಲಿ ಭವ್ಯವಾದ ವಿಹಾರಧಾಮವನ್ನು ಕಟ್ಟಲು ಮುಂದಾದರು. ಯೋಜನೆಗೆ ‘ಪ್ಯಾರಡೈಸ್ ಫೌಂಡ್’, ಸಿಕ್ಕಿದ ಸ್ವರ್ಗ, ಎಂದು ಹೆಸರು. ಸ್ವರ್ಗ ಅವರಿಗೆ ಸಿಗುವ ಮೊದಲು ಅಲ್ಲಿ ಯಾರೂ ಇರಲಿಲ್ಲವೆಂಬ ಧ್ವನಿ ಆ ಹೆಸರಿನಲ್ಲಿದೆ. ೨೦೧೪ರಲ್ಲಿ ಜನ ಸೇರಿ ಮತ ಹಾಕಿದರು. ಅಲ್ಪ ಅಂತರದಿಂದ ಯೋಜನೆ ಗೆದ್ದಿತು. ಮತದಾನದ ಕ್ರಮವನ್ನೇ ಪ್ರಶ್ನಿಸಿದವರೂ ಉಂಟು. ಕೆಲಸ ಬೇಕು, ಮಕ್ಕಳು ಆಂಟಿಗುವಾಕ್ಕೆ ವಲಸೆ ಹೋಗುವುದು ನಿಲ್ಲಬೇಕು ಎಂದು ಒಪ್ಪಿದವರ ಮಾತನ್ನೂ ಲಘುವಾಗಿ ಕಾಣುವಂತಿಲ್ಲ. ಮರುವರ್ಷ ರಾಷ್ಟ್ರದ ಪಾರ್ಲಿಮೆಂಟು ಆ ಯೋಜನೆಗೆಂದೇ ಬೇರೊಂದು ಶಾಸನವನ್ನು ಮಾಡಿ, ೨೦೦೭ರ ಕಾನೂನು ಅದಕ್ಕೆ ಅನ್ವಯಿಸದೆಂದಿತು.

ಆಮೇಲೆ ಬಂದುದು ಇರ್ಮಾ. ೨೦೧೭ರ ಸೆಪ್ಟೆಂಬರ್ ೫ರ ರಾತ್ರಿ ಕಳೆದು ೬ ಹುಟ್ಟುವ ಹೊತ್ತಿನಲ್ಲಿ ಗಂಟೆಗೆ ೨೯೫ ಕಿಲೋಮೀಟರು ವೇಗದ ಗಾಳಿ ದ್ವೀಪದ ಮೇಲೆ ಹಾದುಹೋಯಿತು. ಹತ್ತರಲ್ಲಿ ಒಂಬತ್ತು ಕಟ್ಟಡಗಳಿಗೆ ಪೆಟ್ಟು ಬಿತ್ತು. ಎರಡು ವರ್ಷದ ಒಂದು ಮಗು ಸತ್ತಿತು. ಕಡಲಿಗೂ ಹಿನ್ನೀರಿಗೂ ನಡುವಣ ಮರಳಿನ ದಂಡೆ ಒಡೆದುಹೋಯಿತು. ಹಿಂದೆಯೇ ಹೋಸೆ ಎಂಬ ಇನ್ನೊಂದು ಚಂಡಮಾರುತ ಬರುತ್ತಿದೆಯೆಂದು ಅಷ್ಟೂ ಜನರನ್ನು ಆಂಟಿಗುವಾಕ್ಕೆ ಸಾಗಿಸಿದರು. ಮುನ್ನೂರು ವರ್ಷಗಳಲ್ಲಿ ಮೊದಲ ಸಲ ಬಾರ್ಬುಡಾದಲ್ಲಿ ಮನುಷ್ಯವಾಸವಿಲ್ಲದಾಯಿತು ಎಂದು ಆ ದೇಶದ ರಾಯಭಾರಿ ಹೇಳಿದರು. ಕತ್ತೆಗಳು, ನಾಯಿಗಳು ಉಳಿದವು. ಹೋಸೆ ಪಕ್ಕದಲ್ಲಿ ಸರಿದುಹೋಯಿತು. ಜನ ಮಾತ್ರ ಆಟದ ಮೈದಾನದ ಕಟ್ಟಡಗಳಲ್ಲಿ, ನೆಂಟರ ಮನೆಗಳಲ್ಲಿ ತಿಂಗಳುಗಟ್ಟಲೆ ಕಾದರು.

ಅವರು ಹಾಗೆ ಕಾಯುತ್ತಿದ್ದ ತಿಂಗಳುಗಳಲ್ಲಿಯೇ ಊರಾಚೆಯ ಕಾಡನ್ನು ಸವರಿ ದೊಡ್ಡ ವಿಮಾನ ನಿಲ್ದಾಣದ ಕೆಲಸ ಮೊದಲಾಯಿತು. ಮನೆಗಳಿಗೆ ಸೂರು ಹೊದೆಸುವ ಮೊದಲು ಓಡುಹಾದಿ! ಹಿಂದೆಯೇ ೨೦೦೭ರ ಶಾಸನವೂ ಬದಲಾಯಿತು. ಸರ್ಕಾರದ ವಾದ ಇಷ್ಟು: ಸಾಮಾನ್ಯ ಸ್ವತ್ತಿನ ಮೇಲೆ ಬ್ಯಾಂಕು ಸಾಲ ಕೊಡದು, ಮನೆ ಕಳೆದುಕೊಂಡವನು ಮತ್ತೆ ಕಟ್ಟಿಕೊಳ್ಳುವುದು ಹೇಗೆ? ದೊಡ್ಡ ಬಂಡವಾಳವಿಲ್ಲದೆ ದ್ವೀಪ ಉಳಿಯುವುದು ಹೇಗೆ? ಜನರ ಉತ್ತರ: ಸಾಲಕ್ಕೆ ಅಡವಿಡಬಹುದಾದ ನೆಲ ಎಂದಾದರೊಂದು ದಿನ ಕೈಬಿಡುವ ನೆಲ. ಎರಡೂ ಕಡೆ ಮಾತಿದೆ. ಆದರೆ ಮನೆಯವರು ಮನೆಯಲ್ಲಿಲ್ಲದಾಗ ಪಾಲುಪಟ್ಟಿಯನ್ನು ತಿದ್ದುವುದು ನ್ಯಾಯವೆಂದು ನನ್ನಿಂದ ಹೇಳಲಾಗದು.

ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ಸ್ವತಂತ್ರವಾದರೂ ಆ ದೇಶಕ್ಕೆ ಕಡೆಯ ನ್ಯಾಯಪೀಠ ಅದೇ. ಬಾರ್ಬುಡಾದವರಿಗೆ ಶಾಸನ ಕೊಟ್ಟ ಹಕ್ಕು ಸಂವಿಧಾನ ಕಾಪಾಡುವ ಆಸ್ತಿಯ ಹಕ್ಕಲ್ಲವೆಂದು ೨೦೨೨ರ ಜೂನ್‌ನಲ್ಲಿ ಅದು ತೀರ್ಪು ಕೊಟ್ಟಿತು. ವಿಮಾನ ನಿಲ್ದಾಣದ ಪರವಾನಗಿಯನ್ನು ಪ್ರಶ್ನಿಸಿದವರು ಇಬ್ಬರು: ಒಬ್ಬರು ಕಡಲಜೀವಿಗಳನ್ನು ಓದಿದ ಶಾಲೆಯ ಮುಖ್ಯೋಪಾಧ್ಯಾಯರು, ಇನ್ನೊಬ್ಬರು ನಿವೃತ್ತ ಉಪಾಧ್ಯಾಯಿನಿ. ಅವರಿಗೆ ಕೇಳುವ ಅಧಿಕಾರವೇ ಇಲ್ಲವೆಂದು ಮೇಲ್ಮನವಿಯ ನ್ಯಾಯಾಲಯ ಹೇಳಿತ್ತು. ಇದೆಯೆಂದು ೨೦೨೪ರ ಫೆಬ್ರವರಿಯಲ್ಲಿ ಪ್ರಿವಿ ಕೌನ್ಸಿಲು ಹೇಳಿತು. ಅಷ್ಟರಲ್ಲಿ ಓಡುಹಾದಿ ಬಹುಮಟ್ಟಿಗೆ ಮುಗಿದಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ನಿಲ್ದಾಣದ ಪ್ರಾರಂಭೋತ್ಸವವೂ ನಡೆಯಿತು. ಉಪಾಧ್ಯಾಯ ವೃತ್ತಿಯವನಾದ ನನಗೆ ಆ ಇಬ್ಬರ ಮೇಲೆ ಸ್ವಲ್ಪ ಹೆಚ್ಚಿನ ಅಭಿಮಾನ ಮೂಡಿದರೆ ಓದುಗರು ಮನ್ನಿಸಬೇಕು.

ಹಾಗಾದರೆ ಹೋಗಬಾರದೆ? ಹೋಗಬಾರದೆಂದು ನಾನು ಹೇಳಲಾರೆ. ಪ್ರವಾಸಿಗಳಿಲ್ಲದಿದ್ದರೆ ದೋಣಿಗಾರನಿಗೆ ಕೂಲಿ ಇಲ್ಲ, ಅಡಿಗೆಯವಳಿಗೆ ಗಿರಾಕಿ ಇಲ್ಲ. ಎಲ್ಲಿ ತಂಗುವುದು, ಯಾರಿಗೆ ಹಣ ಕೊಡುವುದು ಎಂಬುದರಲ್ಲಿ ಆಯ್ಕೆ ನಮ್ಮ ಕೈಯಲ್ಲಿದೆ. ಇಂದು ಬಾರ್ಬುಡಾದಲ್ಲಿ ವಸತಿ ಮೂರು ತೆರ. ದಕ್ಷಿಣದ ದಡದಲ್ಲಿ ಸದಸ್ಯರಿಗಾಗಿಯೇ ಇರುವ ಕ್ಲಬ್ಬು, ಅದರ ಗಾಲ್ಫ್ ಮೈದಾನ, ಬೇಲಿಯೊಳಗಿನ ಬಂಗಲೆಗಳು; ಡಿ ನೀರೊ ಪಾಲುದಾರನಾಗಿರುವ ‘ನೋಬು’ ಎಂಬ ಜಪಾನೀ ಭೋಜನಶಾಲೆಯೂ ಆ ಕಡೆಯದೇ; ಆಂಟಿಗುವಾದಿಂದ ಹೆಲಿಕಾಪ್ಟರಿನಲ್ಲಿ ಬಂದು ಮಧ್ಯಾಹ್ನದ ಊಟ ಮುಗಿಸಿ ಹಿಂದಿರುಗುವವರುಂಟು. ಉತ್ತರದ ದಡದಲ್ಲಿ ಹತ್ತಾರು ಅತಿಥಿಗಳಿಗೆ ಮಾತ್ರ ಜಾಗವಿರುವ, ಕಂಬಗಳ ಮೇಲೆ ಕಟ್ಟಿದ ಮರದ ಕುಟೀರಗಳ ಸಣ್ಣ ಹೋಟೆಲು. ಅಲ್ಲಿನ ಒಂದು ರಾತ್ರಿಯ ಬಾಡಿಗೆಯಲ್ಲಿ ನಮ್ಮಲ್ಲಿ ಸಾಧಾರಣ ನಾಮಕರಣದ ಅಡಿಗೆ ನಡೆದುಹೋದೀತು. ಮೂರನೆಯದು ಕಾಡ್ರಿಂಗ್ಟನ್ ಊರಿನೊಳಗೆ ಊರವರೇ ನಡೆಸುವ ಅತಿಥಿಗೃಹಗಳು. ಹಾಸಿಗೆ ಶುಚಿ, ಮಾತು ಧಾರಾಳ, ಸಮುದ್ರ ಸ್ವಲ್ಪ ದೂರ.

ನಮ್ಮ ಪತ್ರಲೇಖಕರಿಗೆ ನನ್ನ ಸಲಹೆ: ಆಂಟಿಗುವಾದಲ್ಲಿ ಮೂರು ದಿನ, ಬಾರ್ಬುಡಾದಲ್ಲಿ ಏಳು, ಆ ಏಳರಲ್ಲಿ ಎರಡು ರಾತ್ರಿ ಉತ್ತರ ದಡದ ಭೋಗ, ಉಳಿದ ಐದು ಊರಿನೊಳಗೆ. ಕೋಣೆ ಗೊತ್ತುಮಾಡುವ ಮೊದಲು ಮಗ ಒಂದು ಪ್ರಶ್ನೆ ಕೇಳಲಿ: ಇದರ ನೆಲ ಯಾರದು, ನಡೆಸುವವರು ಊರವರೆ? ಕೇಳುವುದರಲ್ಲಿ ಅವಮಾನವೇನೂ ಇಲ್ಲ. ತರಕಾರಿ ಕೊಳ್ಳುವಾಗ ಎಲ್ಲಿಯದೆಂದು ನಮ್ಮ ತಾಯಂದಿರು ಕೇಳುವುದಿಲ್ಲವೆ? ಕಾನೂನಿನ ಪ್ರಕಾರ ಅಲ್ಲಿಯ ಕಡಲತೀರಗಳೆಲ್ಲ ಸಾರ್ವಜನಿಕ. ತೀರಕ್ಕೆ ಹೋಗುವ ದಾರಿಯೇ ಇಂದಿನ ಜಗಳದ ವಿಷಯ. ಊರಿನ ದೋಣಿಗಾರನೊಡನೆ ಹೋದರೆ ಯಾವ ದಾರಿ ಹಿಂದೆ ತೆರೆದಿತ್ತು, ಈಗ ಮುಚ್ಚಿದೆ ಎಂಬುದನ್ನು ಆತನೇ ತೋರಿಸುತ್ತಾನೆ.

ಸಣ್ಣಪುಟ್ಟ ಎಚ್ಚರಿಕೆಗಳು ಉಳಿದಿವೆ. ಅಲ್ಲಿಯ ನಾಣ್ಯ ಪೂರ್ವ ಕೆರಿಬಿಯನ್ ಡಾಲರು. ಅಮೆರಿಕದ ಒಂದು ಡಾಲರಿಗೆ ೨.೭೦ ಎಂದು ೧೯೭೬ರಿಂದ ಗೊತ್ತಾದ ದರ. ಊರೊಳಗೆ ನಗದು ಹಿಡಿದಿರುವುದು ಅನುಕೂಲ. ಕಡಲಂಚಿನಲ್ಲಿ ಹಸುರು ಸೇಬಿನಂಥ ಹಣ್ಣು ಬಿಡುವ ಮಂಚಿನೀಲ್ ಎಂಬ ಮರವುಂಟು. ಅದರ ಹಣ್ಣು ವಿಷ, ಹಾಲು ತಗುಲಿದರೆ ಬೊಬ್ಬೆ ಏಳುತ್ತದೆ. ಮಳೆ ಬಂದರೆ ಅದರ ಕೆಳಗೆ ನಿಲ್ಲಕೂಡದು, ಎಲೆಯಿಂದ ತೊಟ್ಟಿಕ್ಕುವ ನೀರೂ ಸುಡುತ್ತದೆ. ಸೈನಿಕರ ಚುಕ್ಕೆ ಬಣ್ಣದ ಬಟ್ಟೆಯನ್ನು ಸಾಮಾನ್ಯರು ತೊಡುವುದು ಆ ದೇಶದಲ್ಲಿ ಅಪರಾಧ. ಮೊಮ್ಮಕ್ಕಳ ಷರಾಯಿಗಳನ್ನು ಪೆಟ್ಟಿಗೆಗೆ ಹಾಕುವ ಮುನ್ನ ನೋಡಿಕೊಳ್ಳಿ. ದ್ವೀಪದಲ್ಲಿ ಇರುವುದು ಸಣ್ಣ ಆಸ್ಪತ್ರೆ. ಕಠಿಣ ರೋಗಿಗಳನ್ನು ಆಂಟಿಗುವಾಕ್ಕೆ ಒಯ್ಯಬೇಕು. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಹತ್ತು ದಿನಕ್ಕೆ ಬದಲು ಇಪ್ಪತ್ತು ದಿನಕ್ಕಾಗುವಷ್ಟು ಕೈಚೀಲದಲ್ಲಿಯೇ ಇಟ್ಟುಕೊಳ್ಳಿ. ಡಿಸೆಂಬರಿನಲ್ಲಿ ಹೊರಡುವವರು ಕಾಡ್ರಿಂಗ್ಟನ್ನಿನ ಅತಿಥಿಗೃಹಕ್ಕೆ ಬೇಸಗೆಯಲ್ಲಿಯೇ ಬರೆಯಬೇಕು. ಕೋಣೆಗಳು ಕಡಮೆ, ಹಬ್ಬಕ್ಕೆ ಊರಿಗೆ ಮರಳುವ ನೆಂಟರೂ ಅವನ್ನೇ ಕೇಳುತ್ತಾರೆ.